ನಾನು ಹೇಳದೆ ಹೋದ ಮಾತು

ದೆವ್ವ, ಗಾಳಿ ಅನ್ನುವವರನ್ನು ಬೈದು ಕಳಿಸುವವಳು ನಾನು. ಈಗಲೂ ನಂಬುತ್ತೇನೆ ಅಂತ ಹೇಳುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ಸುಗಟೂರಿನ ಆಚೆಗೆ ನಮ್ಮೂರು. ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ವಾಂತಿ ಭೇದಿ ಶುರುವಾಗಿ ಎರಡೇ ದಿನಕ್ಕೆ ಮೂರು ಬೀದಿಗೆ ಹಬ್ಬಿತು. ಅಂಟುವ ಕಾಯಿಲೆ ಬಂದ ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ನಮ್ಮಲ್ಲಿ ರೂಢಿ. ಕಂಡವರು ಹೊಸ್ತಿಲಿಂದಲೇ ತಿರುಗಿ ಹೋಗುತ್ತಾರೆ. ನಮ್ಮ ಯಜಮಾನರು ಮಲಗಿದ್ದರು, ನಾನೂ ಕಟ್ಟಿದ್ದೆ.

ಜೀಪಿನಲ್ಲಿ ಬಂದ ತಾಲ್ಲೂಕಾಫೀಸಿನ ಸಾಹೇಬರು ಮೊದಲು ಮಾಡಿಸಿದ ಕೆಲಸ ಆ ಸೊಪ್ಪು ಬಿಚ್ಚಿಸಿದ್ದು.

"ಇದು ಮೊನ್ನೆ ನಿಮ್ಮೂರಲ್ಲಾದ ಮದುವೆ ಊಟದ ಅಜೀರ್ಣ ಕಣಮ್ಮ. ಬೇರೆ ಹೆಸರು ಹೇಳಿದ್ರೆ ನಿಮ್ಮೂರ ಹಾಲು ಯಾರು ತಗೋತಾರೆ?"

"ಮದುವೆಗೆ ಹೋಗದೋರೂ ಮಲಗವ್ರಲ್ಲ ಸ್ವಾಮಿ?" ಅಂದೆ. ಅವರು ಜೀಪು ಹತ್ತಿದರು. ನೀರಿನ ಪೈಪು ಚರಂಡಿಯೊಳಗೆ ಒಡೆದಿತ್ತು. ಹೆಸರು ಹೇಳಿದರೆ ಅದಕ್ಕೂ ಅವರೇ ಜವಾಬು ಕೊಡಬೇಕಲ್ಲ.

ಹಾಲಿನ ಭಯ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಏಳು ತಿಂಗಳ ಬಸುರಿ ಮಗಳು ಮಂಜುಳಾ ಮಾರನೆಯ ದಿನ ಕೋಲಾರದಿಂದ ಬರುವವಳಿದ್ದಳು. ಬರಬೇಡ ಅಂದರೆ ಯಾಕೆ ಅನ್ನುತ್ತಾಳೆ. ಅವಳ ಅತ್ತೆಯ ಕಿವಿಗೆ ಬಿದ್ದರೆ ತಾಲ್ಲೂಕಿಗೆಲ್ಲ ಗೊತ್ತು. ಕುದಿಸಿದ ನೀರು ಕೊಟ್ಟರಾಯಿತು ಅಂದುಕೊಂಡು, ಕೈಗೆತ್ತಿಕೊಂಡ ಫೋನು ಕೆಳಗಿಟ್ಟೆ.

ಮಾರನೆಯ ಮಧ್ಯಾಹ್ನ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಗೋಡೆಗೆ ಒರಗಿದ್ದೆ. ಬೆಳೆದ ಹುಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯ ಹಾಗೆ. ಅದರೊಳಗೆ ನಾನು ತೇಲಿದ ಹಾಗಾಯಿತು. ಬಿಸಿಲಲ್ಲಿ ಎಲ್ಲಿಗೋ ಬಿರಬಿರನೆ ನಡೆಯುತ್ತಿದ್ದೆ, ಕಾಲಿಗೆ ನೆಲ ತಾಗುತ್ತಿರಲಿಲ್ಲ. ಮೈ ತಿಳಿದಾಗ ಬಸ್ಸಿನ ಹೊತ್ತು ಮೀರಿತ್ತು. ಮಂಚದಿಂದ ತೆರೆದ ಬಾಗಿಲಲ್ಲಿ ನನ್ನನ್ನೇ ನೋಡುತ್ತಿದ್ದ ಯಜಮಾನರು, ನೀನು ಕೂತಲ್ಲಿಂದ ಅಲ್ಲಾಡಲಿಲ್ಲ ಅಂದರು.

ಮಗಳು ಬರಲಿಲ್ಲ. ಸಂಜೆ ಕೋಲಾರದಿಂದ ಫೋನು ಮಾಡಿದಳು.

"ಬಸ್ ಹತ್ರನೇ ಬಂದು, ಇಳೀಬೇಡ ಕಣೇ, ಊರಲ್ಲಿ ಕಾಲರಾ ಐತೆ ಅಂದ್ಯಲ್ಲಮ್ಮ, ಅದೇ ಬಸ್ಸಲ್ಲಿ ವಾಪಸ್ ಬಂದ್ಬಿಟ್ಟೆ. ಅಪ್ಪ ಹೆಂಗವ್ರೆ?"

ಕಾಲರಾ ಅನ್ನುವ ಹೆಸರು ಅದುವರೆಗೆ ಊರಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಹತ್ತು ದಿನ ಕಳೆದ ಮೇಲಷ್ಟೇ ದೊಡ್ಡಾಸ್ಪತ್ರೆಯವರು ಆ ಹೆಸರು ಹೇಳಿದರು.

"ಹುಷಾರಾಗ್ತವ್ರೆ" ಅಂದೆ. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ನಮ್ಮಮ್ಮನೇ ಉಳಿಸಿದ್ದು ಅಂತ ಮಂಜುಳಾ ಕಂಡವರಿಗೆಲ್ಲ ಹೇಳುತ್ತಾಳೆ. ನಾನು ಹುಳುವಿಗೆ ಸೊಪ್ಪು ಹಾಕಲು ಎದ್ದು ಹೋಗುತ್ತೇನೆ.

ಅವತ್ತು ಅದೇ ಬಸ್ಸಿಂದ ಇಳಿದು ಪಕ್ಕದ ಮನೆಗೆ ಬಂದ ನೆಂಟರ ಹೆಂಗಸು ನಾಲ್ಕನೇ ದಿನ ತೀರಿಕೊಂಡಳು. ಬಸ್ಸಿನ ಹತ್ತಿರ ನಿಂತಿದ್ದವಳು ನಾನೋ, ಇನ್ಯಾರೋ. ಆ ಹೆಂಗಸಿಗೂ ಒಂದು ಮಾತು ಯಾಕೆ ಹೇಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ.