ಬಾಗಿಲಿಗೆ ಬಂದವಳು

ಬಸವನ ಬಾಗೇವಾಡಿಯ ಸುನೀತಾಳಿಗೆ ವಿಡಿಯೊ ಗೇಮು ಎಂದರೆ ಢಂ ಢಂ ಗುಂಡು ಹಾರಿಸುವುದಲ್ಲ. ಅಂಥವನ್ನು ಆಡುವವರನ್ನು ಕಂಡರೆ ಅಯ್ಯೋ ಪಾಪ ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಕಥೆ. ಗೇಮಿನೊಳಗೆ ಊರೂರು ತಿರುಗಬೇಕು, ಕಂಡವರ ಜೊತೆ ಮಾತಾಡಬೇಕು, ಯಾರನ್ನು ನಂಬಬೇಕು ಯಾರನ್ನು ಬಿಡಬೇಕು ಎಂದು ತಾನೇ ನಿರ್ಧರಿಸಬೇಕು. ಮಾಡಿದ್ದುಣ್ಣೋ ಮಹಾರಾಯ ಎಂಬಂತೆ ಅದರ ಫಲವನ್ನೂ ತಾನೇ ಉಣ್ಣಬೇಕು. ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ಟೀಚರು ಅವಳು. ಮದುವೆಯಾಗಿ ಬರುವಾಗ ಲ್ಯಾಪ್‌ಟಾಪನ್ನು ಸೀರೆಗಳ ನಡುವೆ ಸುತ್ತಿಕೊಂಡು ಬಂದಿದ್ದಳು. ಗಂಡ ಸಂಗು ಮೊದಲು ನಕ್ಕ, ಆಮೇಲೆ ಅವನಿಗೂ ರೂಢಿಯಾಯಿತು.

ಅವಳ ಅಭಿಪ್ರಾಯಗಳೋ, ಯಾರಪ್ಪ ಬಂದರೂ ಅಲುಗುವಂಥವಲ್ಲ. ಊರಿನ ಜನರೆಲ್ಲ ಒಂದೇ ಮಾತನ್ನು ಹತ್ತು ಸಲ ಹೇಳುವ ಗೇಮು ಗೇಮೇ ಅಲ್ಲ. ನಾಯಕನೊಬ್ಬನೇ ಶೂರ, ಮಿಕ್ಕವರೆಲ್ಲ ಅವನ ದಾರಿ ಕಾಯುವ ಗೊಂಬೆಗಳು ಎಂದರೆ, ಅದನ್ನು ಬರೆದವನು ಒಂದು ಊರಿನಲ್ಲೂ ನೆಟ್ಟಗೆ ಬಾಳಿಲ್ಲ. ಯಾವ ಉತ್ತರ ಆರಿಸಿದರೂ ಕೊನೆಗೆ ಅಲ್ಲಿಗೇ ತಂದು ನಿಲ್ಲಿಸುವ ಗೇಮಂತೂ ಶುದ್ಧ ಮೋಸ. ಎಲ್ಲಕ್ಕಿಂತ ಮೇಲೆ ಅವಳದೊಂದು ನೇಮವಿತ್ತು: ತಪ್ಪಾಯಿತೆಂದು ಹಿಂದಿನ ಸೇವ್‌ಗೆ, ಅಂದರೆ ಆಟವನ್ನು ಮೊದಲು ಉಳಿಸಿಟ್ಟ ಜಾಗಕ್ಕೆ, ಹೋಗಿ ಮತ್ತೆ ಆಡಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆರು ವರ್ಷದಲ್ಲಿ ಒಂದು ಸಲವೂ ಹಿಂದಕ್ಕೆ ಹೋಗಿಲ್ಲ ಎಂದು ಹೇಳಿಕೊಳ್ಳಲು ಅವಳಿಗೆ ಬಲು ಜಂಬ.

ಭಾನುವಾರ ಮಧ್ಯಾಹ್ನ ಅತ್ತೆ ರಾಮವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತರೆ, ಸೊಸೆ ಪಕ್ಕದಲ್ಲೇ ಗೇಮು ಹಚ್ಚುತ್ತಿದ್ದಳು. ರಾಮವ್ವನಿಗೆ ಇಂಗ್ಲಿಷ್ ಬಾರದು. ಪರದೆಯ ಮೇಲೆ ಬಂದದ್ದನ್ನೆಲ್ಲ ಸುನೀತಾ ಕನ್ನಡ ಮಾಡಿ ಹೇಳಬೇಕು. ಇದೆಂಥ ಹುಚ್ಚು ಎಂದು ಮೊದಮೊದಲು ಗೊಣಗಿದವಳು ಈಗ ತಾನೇ ಲ್ಯಾಪ್‌ಟಾಪಿನ ಧೂಳು ಒರೆಸಿ ಇಡುತ್ತಿದ್ದಳು.

ರಾಮವ್ವನಿಗೆ ಒಂದು ಕೊರಗಿತ್ತು. ಮನೆಯವರಿಗೆಲ್ಲ ಗೊತ್ತಿದ್ದದ್ದೇ. ತಂಗಿ ಕಾವೇರಿ ಹಿರಿಯರ ಮಾತು ಮೀರಿ ಮದುವೆಯಾಗಿ ಹಲಸಂಗಿಯಲ್ಲಿ ನೆಲೆಸಿದ್ದಳು. ಎಷ್ಟೋ ವರ್ಷದ ಮೇಲೆ ಒಂದು ದಿನ ಬಿಸಿಲಿನಲ್ಲಿ ಅಕ್ಕನ ಬಾಗಿಲಿಗೆ ಬಂದು ನಿಂತಳು. ಬಂದವರಿಗೆ ಮೊದಲು ನೀರು, ಆಮೇಲೆ ರೊಟ್ಟಿ, ಕೈ ತೊಳೆದ ಮೇಲೆಯೇ ಬಂದ ಕೆಲಸ ಕೇಳುವುದು ಆ ಮನೆಯ ಪದ್ಧತಿ. ಅಂದು ಸಿಟ್ಟಿನ ಭರದಲ್ಲಿ ರಾಮವ್ವ ಹೊಸ್ತಿಲಲ್ಲೇ ‘ಈಗ್ಯಾಕ ಬಂದಿ’ ಎಂದು ಕೇಳಿಬಿಟ್ಟಳು. ಕಾವೇರಿ ಒಂದು ಗುಟುಕು ನೀರೂ ಕುಡಿಯದೆ ಹೊರಟುಹೋದಳು. ಮೂರು ತಿಂಗಳಿಗೆ ಜ್ವರ ಬಂದು ತೀರಿಕೊಂಡಳು. ಅಂದಿನಿಂದ ರಾಮವ್ವ ಕೊರಿಯರ್ ತಂದವನಿಗೂ ರೊಟ್ಟಿ ತಿನ್ನಿಸದೆ ಬಿಟ್ಟವಳಲ್ಲ.

ಆ ಭಾನುವಾರ ಗೇಮಿನಲ್ಲಿ ಹಿಮ ಸುರಿಯುತ್ತಿತ್ತು. ಸುನೀತಾ ಆಡುತ್ತಿದ್ದ ಪಾತ್ರ ಗುಡ್ಡದ ಮೇಲಿನ ಗುಡಿಸಲಿನ ಒಡತಿ. ಯಾರೋ ಬಾಗಿಲು ಬಡಿದರು. ತೆರೆದರೆ ತೊಯ್ದು ತೊಪ್ಪೆಯಾದ ಒಬ್ಬ ಹೆಂಗಸು. ಅವಳಿಗೆ ಏನು ಹೇಳಬೇಕೆಂದು ಪರದೆಯ ಮೇಲೆ ಮೂರು ಸಾಲು ಬಂದವು. ಸುನೀತಾ ಹುಷಾರಿನ ಆಟಗಾರ್ತಿ. ‘ಯಾರು ನೀನು, ಯಾಕೆ ಬಂದೆ’ ಎಂಬುದನ್ನು ಒತ್ತಿದಳು. ಹೆಂಗಸು ಒಂದು ಸಲ ನೋಡಿ ತಿರುಗಿ ನಡೆದಳು. ಬೆಳಗಾದಾಗ ಹೊಳೆಯ ದಂಡೆಯಲ್ಲಿ ಅವಳ ಶಾಲು ಮಾತ್ರ ಬಿದ್ದಿತ್ತು. ಎಂದಿನಂತೆ ಎಲ್ಲವನ್ನೂ ಕನ್ನಡ ಮಾಡಿ ಹೇಳಿ ಮುಗಿಸಿದ ಮೇಲೆಯೇ ಸುನೀತಾಳಿಗೆ ತಾನು ಯಾರ ಮುಂದೆ ಏನು ಹೇಳಿದೆ ಎಂಬುದು ಹೊಳೆದದ್ದು.

ಮೊರದ ಸದ್ದು ನಿಂತಿತ್ತು.

“ಹಿಂದಕ್ಕ ಹೋಗಾಕ ಬರ್ತೈತೇನವಾ?” ಎಂದಳು ರಾಮವ್ವ.

ಬರುತ್ತದೆ, ಆದರೆ ತಾನು ಹೋಗುವುದಿಲ್ಲ ಎಂದು ಸುನೀತಾ ತನ್ನ ನೇಮ ವಿವರಿಸಿದಳು. ವಿವರಿಸುತ್ತ ವಿವರಿಸುತ್ತ ದನಿ ಸಣ್ಣದಾಯಿತು. ರಾಮವ್ವ ಸಿಟ್ಟಾಗಲಿಲ್ಲ.

“ನಿನ್ನ ನೇಮ ಛಲೋ ಐತಿ. ನನಗ ಹಿಂದಕ್ಕ ಹೋಗಾಕ ಬರಲಿಲ್ಲ ನೋಡು, ಅದಕ್ಕ ಕೇಳಿದ್ನಿ.”

ಆರು ವರ್ಷದ ಜಂಬ ಅಲ್ಲಿಗೆ ಮುಗಿಯಿತು. ಸುನೀತಾ ಹಳೆಯ ಸೇವ್ ತೆರೆದಳು. ಮತ್ತೆ ಹಿಮ, ಮತ್ತೆ ಬಾಗಿಲು, ಅದೇ ಹೆಂಗಸು. ಈ ಸಲ ಅತ್ತೆಯ ಬೆರಳು ಹಿಡಿದು ಅವಳಿಂದಲೇ ಒತ್ತಿಸಿದಳು: ‘ಒಳಗೆ ಬಾ, ಮೊದಲು ಉಣ್ಣು.’

ಹೆಂಗಸು ಒಲೆಯ ಮುಂದೆ ಕೂತು ಬಿಸಿ ಸಾರು ಕುಡಿದಳು. ಬರೀ ಸಾರಿನಲ್ಲಿ ಹೊಟ್ಟೆ ಹೇಗೆ ತುಂಬೀತು, ರೊಟ್ಟಿ ಕೊಡಲು ಬರುವುದಿಲ್ಲವೇ ಎಂದು ರಾಮವ್ವ ಕೇಳಿದಳು. ಸುನೀತಾ ಗೇಮಿನ ಪೆಟ್ಟಿಗೆಯಲ್ಲಿ ಹುಡುಕಿ, ಮುಂದಿನ ಪ್ರಯಾಣಕ್ಕೆಂದು ಕೂಡಿಟ್ಟಿದ್ದ ಬ್ರೆಡ್ಡನ್ನೆಲ್ಲ ಅವಳ ಮುಂದಿಟ್ಟಳು. ಅವಳು ಅದನ್ನೂ ತಿಂದಳು. ರಾಮವ್ವ ಕಣ್ಣು ಕೀಳದೆ ನೋಡಿದಳು.

ಗೇಮಿನಲ್ಲಿ ಬೆಳಗಾಯಿತು. ಹಾಸಿಗೆ ಖಾಲಿ. ಹೊಳೆಯ ದಂಡೆಯಲ್ಲಿ ಅದೇ ಶಾಲು.

ಸುನೀತಾ ಕೆಂಡವಾದಳು. ಇದು ಹಗಲು ದರೋಡೆ, ಏನು ಒತ್ತಿದರೂ ಅವಳು ಹೋಗುವವಳೇ ಆಗಿದ್ದರೆ ಕೇಳಿದ್ದಾದರೂ ಯಾಕೆ, ಇದನ್ನು ಮಾಡಿದವರಿಗೆ ನಾಚಿಕೆಯಿಲ್ಲ ಎಂದು ಬಾಯಿಗೆ ಬಂದಂತೆ ಬೈದಳು. ಬೈದದ್ದು ಗೇಮನ್ನು, ಸಂಕಟವೆಲ್ಲ ಅತ್ತೆಗಾಗಿ. ಆರುತ್ತಿದ್ದ ಗಾಯವನ್ನು ತಾನೇ ಎರಡೆರಡು ಸಲ ಕೆದಕಿದೆನಲ್ಲ ಎಂದು ಅವಳ ಕಣ್ಣು ತುಂಬಿ ಬಂದವು, ತಲೆ ಎತ್ತಿ ನೋಡಲು ಧೈರ್ಯವಾಗಲಿಲ್ಲ. ರಾಮವ್ವನೇ ಸೊಸೆಯ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು.

“ಹೋಗೂದು ಹೋದ್ಲು, ಖರೆ,” ಎಂದಳು. “ಆದ್ರ ಉಂಡು ಹೋದ್ಲವಾ.”