ಬೆಲ್ಲ ಕೊಟ್ಟು ಹೇಳಿಸಿದ ಮಾತು

ಗೌರಿಯ ತೋಳನ್ನು ಇಲಿ ಕಚ್ಚಲಿಲ್ಲ. ಇಲಿ ಕಚ್ಚಿತು ಎಂದು ಅವಳ ಬಾಯಲ್ಲಿ ಹೇಳಿಸಿದವಳು ನಾನು. ಅದು ಬೀಡಿಯಿಂದ ಸುಟ್ಟ ಗಾಯ. ಸುಟ್ಟವನು ನನ್ನ ಬೆನ್ನಿಗೆ ಬಿದ್ದ ತಮ್ಮ. ಇದು ನನಗೆ ಮೊದಲ ದಿನವೇ ಗೊತ್ತಿತ್ತು. ಆಮೇಲೆ ಗೊತ್ತಾಯಿತು, ಅನುಮಾನ ಇತ್ತು, ಅಂಥದ್ದೇನೂ ಇಲ್ಲ — ಗೊತ್ತಿತ್ತು.

ಗೌರಿ ನನ್ನ ಗಂಡನ ತಂಗಿ. ಹೊನ್ನವಳ್ಳಿ ಕಡೆಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಅವಳು ಲಂಗ ಹಾಕಿಕೊಂಡು ಹಸುವಿನ ಹಿಂದೆ ಓಡಾಡುತ್ತಿದ್ದಳು. ಮೈ ಬೆಳೆಯಿತು, ಬುದ್ಧಿ ಮಾತ್ರ ಅಲ್ಲೇ ನಿಂತಿತು. ಅವಳಿಗಿದ್ದ ಮಾತು ಒಂದು ಹಿಡಿಯಷ್ಟು — ಅತ್ಗೆ, ಉಣ್ಣಕ್ಕೆ, ಹಸ, ಕಾಯಿ, ಬಂತು, ಬ್ಯಾಡ. ಅಷ್ಟರಲ್ಲೇ ಅವಳ ಸಂಸಾರ ನಡೆಯುತ್ತಿತ್ತು. ನಮ್ಮತ್ತೆ ಸಾಯುವಾಗ ಅವಳ ಕೈಯನ್ನು ನನ್ನ ಕೈಯಲ್ಲಿಟ್ಟು, "ಇವ್ಳಿಗೆ ಇನ್ನು ನೀನೇ ಕಣವ್ವ" ಎಂದರು. ನಾನು ಹೂಂ ಎಂದೆ. ಎಲ್ಲರೂ ಹಾಗೇ ಅನ್ನುತ್ತಾರೆ.

ನನಗೆ ಮಕ್ಕಳಾಗಲಿಲ್ಲ. ಗಂಡ ಬೇಗ ಹೋದ. ತೋಟ ನೋಡುವ ಗಂಡಸಿಲ್ಲ ಎಂದು ಶೆಟ್ಟಿಕೆರೆ ಕಡೆಯ ನನ್ನ ತೌರಿನಿಂದ ತಮ್ಮ ರಾಜಣ್ಣನನ್ನು ಕರೆಸಿಕೊಂಡೆ. ಕೆಲಸಗಾರ, ಅದರಲ್ಲಿ ಸುಳ್ಳಿಲ್ಲ. ಕಾಯಿ ಇಳಿಸುವುದು, ಅಟ್ಟಕ್ಕೆ ತುಂಬುವುದು, ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕುವುದು — ಎಲ್ಲ ಅವನೇ. ನಾನು ಮುದ್ದೆ ತಿರುವಿ ಹಾಕಿದರೆ ಸಾಕಿತ್ತು. ಗೌರಿ ಕೇಳಿ ಕೇಳಿ ತಾನಾಗಿಯೇ ಅವನನ್ನು ರಾಜ ಎನ್ನುತ್ತಿದ್ದಳು.

ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಈ ಕೆಲಸ ಗೌರಿಗೆ ಎಷ್ಟು ಇಷ್ಟವಿತ್ತು ಎಂದರೆ — ಏಣಿ ಹತ್ತಿ ಹೋಗಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು, ಸದ್ದು ಬಂದರೆ ನಗುವಳು, ಬರದಿದ್ದರೆ ಪಕ್ಕಕ್ಕಿಡುವಳು. ಒಂದೂ ತಪ್ಪುತ್ತಿರಲಿಲ್ಲ. ಆದರೆ ನಿಧಾನ. ರಾಜಣ್ಣನಿಗೆ ನಿಧಾನ ಅಂದರೆ ಆಗುತ್ತಿರಲಿಲ್ಲ.

ಅವತ್ತು ಅಂಗಳದಲ್ಲಿ ಕೊಬ್ಬರಿ ಬಿಡಿಸುವ ಹೆಂಗಸರು ಕೂತಿದ್ದರು. ನಾನು ಒಲೆಯ ಮುಂದೆ ಇದ್ದೆ. ಗೌರಿ ಅಟ್ಟದಿಂದ ಇಳಿದು ಬಂದು ತೋಳು ಮುಂದೆ ಹಿಡಿದಳು. ಮೊಣಕೈಯ ಒಳಬದಿಯಲ್ಲಿ ಒಂದು ದುಂಡನೆಯ ಗಾಯ, ಕೆಂಪಗೆ, ಅಂಚು ಬೆಳ್ಳಗೆ. ಅಳುತ್ತಿರಲಿಲ್ಲ. ನನಗೆ ತೋರಿಸಿದರೆ ಸರಿಹೋಗುತ್ತದೆ ಎಂದುಕೊಂಡಿದ್ದಳು.

"ಅತ್ಗೆ. ರಾಜ."

ಹುಟ್ಟಿದಾಗಿನಿಂದ ಒಲೆಯ ಮುಂದೆ ಕೂತವಳು ನಾನು. ಸುಟ್ಟ ಗಾಯ ಯಾವುದು, ಕಚ್ಚಿದ ಗಾಯ ಯಾವುದು ಎಂದು ನನಗೆ ಯಾರೂ ಹೇಳಬೇಕಿಲ್ಲ. ಅಂಗಳದ ಹೆಂಗಸರಲ್ಲಿ ಒಬ್ಬಳು ಕತ್ತು ಚಾಚಿ, "ಅದೇನ್ರಮ್ಮ, ಗೌರಮ್ಮಂಗೆ ಏನಾಯ್ತು?" ಎಂದಳು. ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದು ಗೌರಿಯ ತೋಳಲ್ಲ. ಇವನು ಹೋದರೆ ತೋಟ — ಊರಿನವರು ನಮ್ಮ ತೌರಿಗೆ ಏನಂದಾರು — ಅದು.

"ಇಲಿ ಕಣೇ. ಅಟ್ಟದಾಗೆ ಇಲಿ ಕಚ್ಚೈತೆ" ಎಂದು ಕೂಗಿ ಹೇಳಿದೆ.

"ಅಯ್ಯೋ, ಇಲಿಗೂ ಗೌರಮ್ಮನೇ ಬೇಕಾಯ್ತಾ, ಅಷ್ಟೊಂದು ಕೊಬ್ಬರಿ ಬುಟ್ಟು!" ಎಂದಳು. ಎಲ್ಲರೂ ನಕ್ಕರು. ಗೌರಿ ನಗಲಿಲ್ಲ. ಮತ್ತೆ "ರಾಜ" ಎಂದಳು.

ಅವಳ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದೆ. ಗಾಯಕ್ಕೆ ಎಣ್ಣೆ ಹಚ್ಚಿದೆ. ಒಂದು ಕೈಯಲ್ಲಿ ಎಣ್ಣೆ ಹಚ್ಚುತ್ತಾ ಇನ್ನೊಂದು ಕೈಯಲ್ಲಿ ಬೆಲ್ಲದ ಚೂರು ಹಿಡಿದೆ.

"ರಾಜ ಅಲ್ಲ. ಇಲಿ. ಏನು ಕಚ್ಚಿದ್ದು?"

"ರಾಜ."

"ಇಲಿ ಅನ್ನು. ಅಂದ್ರೆ ಬೆಲ್ಲ."

ಬೆಲ್ಲ ನೋಡಿದಳು. ನನ್ನ ಮುಖ ನೋಡಿದಳು. "ಇಲಿ" ಎಂದಳು. ಬೆಲ್ಲ ಕೊಟ್ಟೆ.

ಅಷ್ಟು ವರ್ಷ ಅವಳಿಗೆ ಬೇರೆ ಒಂದು ಮಾತು ಕಲಿಸಲು ನನ್ನ ಕೈಲಿ ಆಗಿರಲಿಲ್ಲ. ನೀರು ಅನ್ನುವುದನ್ನೂ ಕೈ ತೋರಿಸಿಯೇ ಕೇಳುತ್ತಿದ್ದಳು. ಇದೊಂದನ್ನು ಒಂದು ಚೂರು ಬೆಲ್ಲಕ್ಕೆ ಕಲಿತಳು. ಕಲಿತದ್ದನ್ನು ಮರೆಯಲಿಲ್ಲ.

ತಮ್ಮನಿಗೆ ಹೇಳಲಿಲ್ಲವೇ ಎಂದರೆ — ಹೇಳಿದೆ. ಕೈ ತೊಳೆಯುವಾಗ, ಮೆಲ್ಲಗೆ. "ಅವ್ಳ ತಂಟೆಗೆ ಹೋಗಬ್ಯಾಡ ಕಣ್ಲಾ."

"ಇಲಿ ಅಂತಲ್ಲಕ್ಕ" ಎಂದು ನಕ್ಕ. "ಬೋನು ಇಕ್ಕು ಮತ್ತೆ."

ಇಟ್ಟೆ. ನನ್ನ ಕೈಯಾರೆ, ಕೊಬ್ಬರಿ ಚೂರು ಸಿಕ್ಕಿಸಿ, ಅಂಗಳದ ಹೆಂಗಸರಿಗೆ ಕಾಣುವ ಹಾಗೆ ಬೋನು ಹಿಡಿದು ಅಟ್ಟ ಹತ್ತಿದೆ. ಗೌರಿ ಏಣಿಯ ಕೆಳಗೆ ನಿಂತು ನೋಡುತ್ತಿದ್ದಳು. ಅತ್ತಿಗೆ ಏನೋ ಮಾಡುತ್ತಿದ್ದಾಳೆ, ಇನ್ನು ನೋವಿಲ್ಲ ಎಂದು ನಂಬಿದಳು. ದಿನಾ ಬೆಳಿಗ್ಗೆ ಬೋನು ಕೆಳಗಿಳಿಸು ಎಂದು ಕೈ ಮಾಡಿ ಕೇಳುವಳು, ಬಗ್ಗಿ ಒಳಗೆ ನೋಡುವಳು. ಒಂದು ದಿನ ನಿಜವಾಗಿಯೂ ಒಂದು ಇಲಿ ಬಿದ್ದಿತ್ತು, ಕಡ್ಡಿಗಳ ಮಧ್ಯೆ ಮೂತಿ ತೂರಿಸಿಕೊಂಡು ಬಡಿದಾಡುತ್ತಿತ್ತು. ನಾನು, "ನೋಡೇ, ಸಿಕ್ತು" ಎಂದೆ. ಗೌರಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದಳು. "ಬ್ಯಾಡ" ಎಂದಳು.

ಅವಳಿಗೆ ಅಲ್ಲ ಅನ್ನುವ ಮಾತು ಬರುತ್ತಿರಲಿಲ್ಲ. ಬ್ಯಾಡ ಮಾತ್ರ ಬರುತ್ತಿತ್ತು. ಇದಲ್ಲ ಎಂದೇ ಅವಳು ಹೇಳಿದ್ದು. ನನಗೆ ತಿಳಿಯಿತು. ಬೋನನ್ನು ಬಾವಿ ಕಟ್ಟೆಯ ಹತ್ತಿರ ತೆಗೆದುಕೊಂಡು ಹೋಗಿ, ಇಲಿ ಸಾಯಿಸಿ ಬಂದೆ.

ಗಾಯ ಒಂದಕ್ಕೆ ನಿಲ್ಲಲಿಲ್ಲ. ಕೊಬ್ಬರಿ ಕೆಲಸ ಬಂದಾಗಲೆಲ್ಲ ಬಂತು. ಅವಳು ಏಣಿಯ ಹತ್ತಿರ ಹೋಗುವುದನ್ನೇ ಬಿಟ್ಟಳು, ಅವನು ತೋಳು ಹಿಡಿದು ಹತ್ತಿಸುತ್ತಿದ್ದ. ನಾನು ತಿಪಟೂರಿನ ಟೈಲರ್ ಹತ್ತಿರ ಅವಳಿಗೆ ತುಂಬುತೋಳಿನ ರವಿಕೆ ಹೊಲಿಸಿದೆ. "ಈ ಸೆಕೆಗೆ ಉದ್ದ ತೋಳು ಯಾಕಮ್ಮ?" ಎಂದ. "ಸೊಳ್ಳೆ ಕಣಪ್ಪ" ಎಂದೆ. ಸುಳ್ಳಿಗೆ ಸುಳ್ಳು ಸುಲಭವಾಗಿ ಸಿಕ್ಕುತ್ತದೆ.

ಒಂದು ಗಾಯ ಕೀವಾಗಿ ಜ್ವರ ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ನರ್ಸಮ್ಮ ತೋಳು ತಿರುಗಿಸಿ ನೋಡಿ, "ಇಲಿ ಕಚ್ಚಿದ್ರೆ ಇಷ್ಟು ದುಂಡಗೆ ಇರಲ್ಲ ಕಣಮ್ಮ" ಎಂದರು. ಗೌರಿಯ ಕಡೆ ಬಗ್ಗಿ, "ಯಾರು ಮಾಡಿದ್ದವ್ವ?" ಎಂದು ಕೇಳಿದರು. ನನ್ನ ಕೈ ಗೌರಿಯ ಹೆಗಲ ಮೇಲಿತ್ತು. ಒತ್ತಿದೆ. ಜೋರಾಗಿ ಅಲ್ಲ, ಅವಳಿಗೆ ಗೊತ್ತಾಗುವಷ್ಟು.

"ಇಲಿ" ಎಂದಳು. ಎಂದು, ಕೈ ಮುಂದೆ ಚಾಚಿದಳು. ಬೆಲ್ಲಕ್ಕೆ.

ನರ್ಸಮ್ಮ ಆ ಚಾಚಿದ ಕೈಯನ್ನು ನೋಡಿದರು, ನನ್ನನ್ನು ನೋಡಿದರು. ಹಿಂದೆ ಜನ ನಿಂತಿದ್ದರು. ಸೂಜಿ ಹಾಕಿ ಕಳಿಸಿದರು. ಅವರದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಮಾಡಿದ್ದೆಲ್ಲ ನಾನೇ —

ಆದರೆ ಇದನ್ನು ಓದುವವರಲ್ಲಿ ಇಂಥವರನ್ನು ಸಾಕುತ್ತಿರುವ ಮನೆಯವರು ಇರಬಹುದು, ಮನೆಮನೆಗೆ ಬಂದು ವಿಚಾರಿಸುವ ಮೇಡಂಗಳು ಇರಬಹುದು. ನಾನು ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಹೇಗೆ ಮುಚ್ಚಿಡುತ್ತಾರೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು, ಮುಚ್ಚಿಟ್ಟವಳು ನಾನೇ ಆದ್ದರಿಂದ. ಕೇಳಿದ ಪ್ರಶ್ನೆಗೆ ಅವರಿಗಿಂತ ಮೊದಲು ಜೊತೆಯವಳು ಉತ್ತರ ಕೊಟ್ಟರೆ ಅವಳನ್ನು ಹೊರಗೆ ಕಳಿಸಿ. ನೀರು ತರಲು ಕಳಿಸಿ, ಚೀಟಿ ಮಾಡಿಸಲು ಕಳಿಸಿ, ಏನಾದರೂ ನೆಪ ಹೇಳಿ. ನನ್ನನ್ನು ಯಾರೂ ಕಳಿಸಲಿಲ್ಲ. ಸೆಕೆಯಲ್ಲಿ ಮೈ ಮುಚ್ಚಿಸಿದ್ದರೆ ಯಾಕೆ ಎನ್ನಿ, ಸೊಳ್ಳೆ ಎಂದರೆ ಒಪ್ಪಬೇಡಿ. ಇಷ್ಟಪಟ್ಟು ಮಾಡುತ್ತಿದ್ದ ಕೆಲಸವನ್ನು ಇದ್ದಕ್ಕಿದ್ದ ಹಾಗೆ ಬಿಟ್ಟರೆ ಸೋಮಾರಿತನ ಎನ್ನಬೇಡಿ, ಏಣಿಯ ಮೇಲೆ ಯಾರಿದ್ದಾರೆ ನೋಡಿ. ಅವರು ಆಡುವುದು ಒಂದೇ ಮಾತಾದರೆ ಅದನ್ನು ಅವರಿಗೆ ಯಾರು ಕಲಿಸಿದರು ಎಂದು ಕೇಳಿ. ನಗಬೇಡಿ. ನಮ್ಮ ಅಂಗಳದಲ್ಲಿ ಎಲ್ಲರೂ ನಕ್ಕರು, ಆ ನಗು ನನಗೆ ಬಹಳ ಅನುಕೂಲವಾಯಿತು.

ಅದು ನಿಂತದ್ದು ನನ್ನಿಂದಲ್ಲ. ರಾಜಣ್ಣನಿಗೆ ಮದುವೆಯಾಯಿತು, ತೋಟದ ಆಚೆ ಬದಿಗೆ ಮನೆ ಕಟ್ಟಿಕೊಂಡು ಹೋದ. ಮೂವತ್ತು ವರ್ಷದ ಮೇಲಾಯಿತು. ಈಗ ಮೊಮ್ಮಕ್ಕಳಿದ್ದಾರೆ, ಬೀಡಿಯನ್ನೂ ಬಿಟ್ಟಿದ್ದಾನೆ. ಊರಿನ ನ್ಯಾಯಕ್ಕೆ ಅವನನ್ನು ಕರೆಯುತ್ತಾರೆ. ಗೌರಿಯ ತಲೆಯೂ ಬೆಳ್ಳಗಾಗಿದೆ, ತೋಳಿನ ಕಲೆ ಹಾಗೇ ಇದೆ.

ಮತ್ತೆ ಯಾಕೆ ಈಗ ಎತ್ತುತ್ತಿದ್ದೇನೆ ಎಂದರೆ, ನನ್ನ ಸೊಂಟದ ಮೂಳೆ ಸವೆದಿದೆ. ಆಪರೇಷನ್ ಆಗಲೇಬೇಕು, ಆದ ಮೇಲೆ ತಿಂಗಳುಗಟ್ಟಲೆ ಮಲಗಬೇಕು, ಏಳುತ್ತೀನೋ ಇಲ್ಲವೋ ಅದೂ ಗ್ಯಾರಂಟಿ ಇಲ್ಲ ಎಂದಿದ್ದಾರೆ ಡಾಕ್ಟರು. ಗೌರಿಗೆ ಉಣ್ಣಿಸಬೇಕು, ತಲೆ ಬಾಚಬೇಕು, ಸ್ನಾನ ಮಾಡಿಸಬೇಕು. ಯಾರು ಮಾಡುತ್ತಾರೆ? ಹೋದ ವಾರ ರಾಜಣ್ಣ ತನ್ನ ಸೊಸೆಯನ್ನು ಕರೆದುಕೊಂಡು ಬಂದ.

"ಗೌರಿನ ನಮ್ಮನೇಲಿ ಬುಡಕ್ಕ. ನಾನು ನೋಡ್ಕಂತೀನಿ. ಅವಳೇನು ಬ್ಯಾರೆಯೋಳಾ?"

ಪಕ್ಕದ ಮನೆಯವಳು ಅಲ್ಲೇ ಇದ್ದಳು. "ಇಂಥ ತಮ್ಮ ಯಾರಿಗವ್ನೆ ಹೇಳಕ್ಕ, ಪುಣ್ಯ ಮಾಡಿದೀಯ" ಎಂದಳು.

ಬಾಗಿಲ ಸಂದಿಯಿಂದ ಗೌರಿಯ ದನಿ ಬಂತು. "ಅತ್ಗೆ. ಇಲಿ ಬಂತು."

ಅವನು ಬಂದಾಗಲೆಲ್ಲ ಅವಳು ಹಾಗೇ ಅನ್ನುವುದು. ಇಷ್ಟು ವರ್ಷವೂ ಅಂದಿದ್ದಾಳೆ. ಅವನ ಹೆಸರನ್ನು ನಾನು ಕಿತ್ತುಕೊಂಡು ಬೇರೆ ಕೊಟ್ಟಿದ್ದೆನಲ್ಲ, ಅದನ್ನೇ ಅವನಿಗೆ ಇಟ್ಟುಕೊಂಡಿದ್ದಾಳೆ. ಸೊಸೆ ಪಾಪ ಪೊರಕೆ ತಂದು ಮಂಚದ ಕೆಳಗೆ ಗುಡಿಸಿದಳು. "ಎಲ್ಲೈತೆ ದೊಡ್ಡಮ್ಮ, ಇಲಿ? ತೋರ್ಸಿ, ಹೊಡೀತೀನಿ" ಎಂದಳು. ಗೌರಿ ನೆಲ ನೋಡುತ್ತಿರಲಿಲ್ಲ. ರಾಜಣ್ಣನ ಮುಖ ನೋಡುತ್ತಿದ್ದಳು. ಎಲ್ಲರೂ ನಕ್ಕರು.

ನಾನೂ ನಕ್ಕೆ. ಹೋದ ವಾರ. ಈ ವಯಸ್ಸಿನಲ್ಲಿ, ಎಲ್ಲ ಗೊತ್ತಿದ್ದು — ನಗು ತಾನಾಗಿ ಬಂತು, ಅಭ್ಯಾಸ ಆಗಿಹೋಗಿದೆ.

ಅವರು ಹೊರಟಾಗ ರಾಜಣ್ಣನನ್ನು ಹಿಂದಕ್ಕೆ ಕರೆದೆ. "ಗೌರಿ ನಿಮ್ಮನೆಗೆ ಬರಲ್ಲ."

"ಯಾಕಕ್ಕ?"

"ಅಲ್ಲಿ ಇಲಿ ಐತೆ."

ಸೊಸೆ ಗೇಟಿನ ಹತ್ತಿರ ಹೋಗಿದ್ದಾಳಾ ಎಂದು ನೋಡಿಕೊಂಡ. "ಹಳೇದ್ನೆಲ್ಲ ಯಾಕೆ ಕೆದಕ್ತೀಯ, ಬುಡಕ್ಕ. ಅವ್ಳಿಗೇನು ನೆನಪಿರ್ತದೆ" ಎಂದ. ನಾಳಿದ್ದು ಬಟ್ಟೆ ಕಟ್ಟಿಡು, ಆಟೋ ಕಳಿಸ್ತೀನಿ ಎಂದೂ ಹೇಳಿ ಹೋದ.

ಆಗಲೂ ನನ್ನ ಬಾಯಲ್ಲಿ ಬಂದದ್ದು ಇಲಿಯೇ ನೋಡಿ. ನೀನು ಸುಟ್ಟೆ ಎನ್ನಲು ಆಗಲಿಲ್ಲ. ಆಟೋ ಬಂತು. ಗೌರಿಗೆ ಜ್ವರ ಎಂದು ಸುಳ್ಳು ಹೇಳಿ ವಾಪಸ್ಸು ಕಳಿಸಿದೆ. ಸುಳ್ಳು ಎಷ್ಟು ಸಲ ಕಾಯುತ್ತದೆ? ನಾನು ಆಸ್ಪತ್ರೆಯ ಮಂಚದ ಮೇಲೆ ಬಿದ್ದ ದಿನ ಯಾರು ತಡೆಯುತ್ತಾರೆ? ಎಲ್ಲರೂ ಸೇರಿ, ನನಗೆ ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡು, ಅವಳ ಬಟ್ಟೆ ಗಂಟು ಕಟ್ಟಿ ಅವನ ಮನೆಗೆ ಬಿಟ್ಟು ಬರುತ್ತಾರೆ. ಅವಳು ಇಲಿ ಇಲಿ ಎನ್ನುತ್ತಾಳೆ. ನಗುತ್ತಾರೆ.

ನಿನ್ನೆ ಗೌರಿಯನ್ನು ಎದುರಿಗೆ ಕೂರಿಸಿಕೊಂಡೆ. ರವಿಕೆಯ ತೋಳು ಮೇಲಕ್ಕೆ ಮಡಿಸಿ ಕಲೆ ಮುಟ್ಟಿದೆ. ಅವಳೇ ಹೇಳಿದರೆ ಜನ ನಂಬಬಹುದು ಎಂಬ ಆಸೆ. "ಗೌರಿ, ರಾಜ ಅನ್ನು. ಮುಂಚೆ ಅಂತಿದ್ಯಲ್ಲ. ರಾಜ." ಬೆಲ್ಲ ತೋರಿಸಿದೆ — ನನಗೆ ಬೇರೆ ದಾರಿ ಗೊತ್ತಿಲ್ಲ. ಅವಳು ಬೆಲ್ಲ ನೋಡಿದಳು. ನನ್ನ ಮುಖ ನೋಡಿದಳು. ಅತ್ತಿಗೆಗೆ ಏನು ಬೇಕು ಎಂಬುದು ತನಗೆ ಗೊತ್ತು ಅನ್ನುವ ಹಾಗೆ ಬೇಗಬೇಗ ತೋಳನ್ನು ಕೆಳಕ್ಕೆ ಎಳೆದು ಕಲೆ ಮುಚ್ಚಿಕೊಂಡಳು.

"ಇಲಿ" ಎಂದಳು. ಕೈ ಚಾಚಿದಳು.

ಬೆಲ್ಲ ಕೊಟ್ಟೆ. ತಿಂದಳು.

ಅಂಗವಿಕಲರನ್ನು ವಿಚಾರಿಸಿಕೊಳ್ಳಲು ಪಂಚಾಯ್ತಿ ಕಡೆಯಿಂದ ಶೈಲಜಾ ಎಂಬ ಹುಡುಗಿ ಬರುತ್ತಾಳೆ. ಬಂದಾಗಲೆಲ್ಲ "ಗೌರಮ್ಮ ಚೆನ್ನಾಗಿದೀರಾ?" ಎಂದು ಕೇಳುತ್ತಾಳೆ, ಚೆನ್ನಾಗವ್ಳೆ ಎಂದು ನಾನು ಹೇಳುತ್ತೇನೆ. ಫೋನು ಮಾಡಿಸಿದ್ದೇನೆ, ಸೋಮವಾರ ಬರುತ್ತಾಳೆ. ಪಕ್ಕದ ಮನೆಯವಳನ್ನೂ ರಾಜಣ್ಣನ ಸೊಸೆಯನ್ನೂ ಬರಹೇಳಿದ್ದೇನೆ. ಗೌರಿಯ ತೋಳನ್ನು ಅವರ ಮುಂದೆ ಬಿಚ್ಚಿಸುವುದಿಲ್ಲ, ಅವಳನ್ನು ಏನೂ ಕೇಳಲು ಬಿಡುವುದಿಲ್ಲ. ಅವಳು ಒಂದು ಸಲ ಹೇಳಿಯಾಗಿದೆ, ಒಲೆಯ ಮುಂದೆ, ಸರಿಯಾಗಿಯೇ ಹೇಳಿದ್ದಳು. ಈಗ ಹೇಳಬೇಕಾದವಳು ನಾನು. ರಾಜ ಸುಟ್ಟ. ನಾನು ಬೆಲ್ಲ ಕೊಟ್ಟೆ. ಇಷ್ಟನ್ನು ಅವನ ಸೊಸೆಯ ಮುಖ ನೋಡಿ ಹೇಳಬೇಕು, ನಡುವೆ ಇಲಿ ಬರಬಾರದು.

ಹೇಳಿದ ಮೇಲೆ ಗೌರಿಗೆ ಎಲ್ಲಿ ಜಾಗ ಸಿಕ್ಕುತ್ತದೋ ಗೊತ್ತಿಲ್ಲ. ಸಿಕ್ಕುವ ತನಕ ಆಪರೇಷನ್ ಇಲ್ಲ ಎಂದು ಡಾಕ್ಟರಿಗೆ ಹೇಳಿ ಕಳಿಸಿದ್ದೇನೆ. ಗೋಡೆ ಹಿಡಿದು ನಡೆಯುತ್ತೇನೆ. ಅವಳು ನನ್ನ ಸೆರಗು ಹಿಡಿದು ಹಿಂದೆಯೇ ಬರುತ್ತಾಳೆ — ಇಷ್ಟೆಲ್ಲ ಮಾಡಿದ ನನ್ನ ಸೆರಗನ್ನೇ ಹಿಡಿಯುತ್ತಾಳೆ, ಅದನ್ನೇ ನನಗೆ ತಡೆದುಕೊಳ್ಳಲು ಆಗುತ್ತಿಲ್ಲ.