ಹಾರ್ಡ್ ಡಿಸ್ಕಿನಲ್ಲಿ ಉಳಿದ ಚಂದ್ರಕಾಳಿ

ಮದುವೆ ಮನೆಗಳಲ್ಲಿ ಕಮಲಾಕರನ ಕಣ್ಣು ಎಲೆಯ ಮೇಲೆ ಇರುತ್ತಿರಲಿಲ್ಲ, ಹೆಂಗಸರ ಸೆರಗಿನ ಮೇಲೆ ಇರುತ್ತಿತ್ತು. ಹಳೆಯ ಇಳಕಲ್ ಸೀರೆ ಕಂಡರೆ ಸಾಕು, ಹತ್ತಿರ ಹೋಗಿ, "ಅಕ್ಕಾರ, ಸೆರಗು ಒಂದ್ಚೂರು ತಿರುವಿ ತೋರಸ್ತೀರೇನು?" ಎಂದು ಕೇಳಿಬಿಡುವನು. ಕೈಯಲ್ಲಿ ಹಾಕಿದ ಕಸೂತಿ ಒಳಗೂ ಹೊರಗೂ ಒಂದೇ ಥರ ಇರುತ್ತದೆ, ಗಂಟು ಕಾಣುವುದಿಲ್ಲ. ಅವನಿಗೆ ಆ ಒಳಮೈಯನ್ನೇ ನೋಡಬೇಕು. ಹೆಂಡತಿ ಸೀತಾ ದೂರದಿಂದಲೇ ಹಣೆ ಹಿಡಿದುಕೊಳ್ಳುವಳು. "ಈ ಮನಷ್ಯಾನ್ನ ಒಂದಿನ ಪೊಲೀಸ್ ಸ್ಟೇಷನ್ನಿಂದ ಬಿಡಿಸ್ಕೊಂಡು ಬರೂ ಪಾಳಿ ಬರ್ತದ ನೋಡ್ರಿ ನನಗ."

ವಿಮಾ ಕಚೇರಿಯಲ್ಲಿ ನಜ್ಜುಗುಜ್ಜಾದ ಕಾರುಗಳ ಫೋಟೊ ನೋಡಿ ಟಿಪ್ಪಣಿ ಬರೆಯುವುದು ಅವನ ಉದ್ಯೋಗ. ಸಂಜೆ ಅಂಬತ್ತೂರಿನ ಮನೆಗೆ ಬಂದವನು, ಗುರುತಿನವರಿಂದ ಬೇಡಿ ತಂದ ಸೀರೆಗಳನ್ನು ಹರಡಿಕೊಂಡು ಫೋಟೊ ತೆಗೆಯುವನು. ಭೂತಗನ್ನಡಿ ಹಿಡಿದು ಎಳೆ ಎಣಿಸಿ, ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ನಕ್ಷೆ ಬರೆಯುವನು. ಇದನ್ನು ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸೀರೆ ವಾಪಸು ಹೋಗುತ್ತಿತ್ತು, ನಕ್ಷೆ ಒಂದು ಹಾರ್ಡ್ ಡಿಸ್ಕಿನಲ್ಲಿ ಉಳಿಯುತ್ತಿತ್ತು.

ತ್ರಿಪ್ಲಿಕೇನಿನ ಜಾನಕಮ್ಮನವರ ಸೀರೆ ಮಾತ್ರ ವಾಪಸು ಹೋಗಲಿಲ್ಲ. ಅದು ಅವರ ತಾಯಿಯ ಮದುವೆಯ ಕಸೂತಿ ಸೀರೆ, ಕಪ್ಪು ಚಂದ್ರಕಾಳಿ. ಆ ಕಪ್ಪು ಬಣ್ಣವೇ ನೂಲನ್ನು ತಿಂದು ಹಾಕಿತ್ತು. ಫೋಟೊ ತೆಗೆದು ಮಡಿಸುವಾಗ ಸೀರೆ ಮಡಿಕೆಗಳಲ್ಲೆಲ್ಲ ಹರಿದು ಪುಡಿಪುಡಿಯಾಗಿ ಕೈಗೆ ಬಂತು. ಎದುರಿಗೇ ಕೂತಿದ್ದ ಮುದುಕಿ ಅಳತೊಡಗಿದಾಗ ಕಮಲಾಕರ ಕ್ಯಾಮೆರಾ ತೋರಿಸಿ ಹೇಳಿದ್ದ: "ಹೋಗಿಲ್ರೀ ಅಮ್ಮಾ, ಇದರಾಗ ಅದ. ನಕ್ಷಾ ಮಾಡ್ತೀನಿ, ಸೀತಾ ಹೊಸಾ ಸೀರಿ ಮ್ಯಾಲೆ ಹಾಕಿ ಕೊಡ್ತಾಳ."

ಮಾತು ಕೊಟ್ಟವನು ಒಂದು ಬೆಳಗ್ಗೆ ಆಫೀಸಿನ ಬಸ್ಸಿನಲ್ಲಿ ಕೂತಲ್ಲೇ ಹೋಗಿಬಿಟ್ಟ. ಮಾತು ಸೀತಾಳ ಪಾಲಿಗೆ ಉಳಿಯಿತು. ಈಗ ನಕ್ಷೆಗಳಿದ್ದ ಆ ಡಿಸ್ಕೂ ಕೆಟ್ಟು, ತೆರೆಯದೆ ಟಿಕ್ ಟಿಕ್ ಎನ್ನತೊಡಗಿತ್ತು. ಬೇರೆ ಪ್ರತಿ ಇರಲಿಲ್ಲ. "ಊರ ಮಂದಿ ಕಾರಿಗೆಲ್ಲಾ ವಿಮಾ, ತನ್ನ ಡಿಸ್ಕಿಗೆ ಮಾತ್ರ ಇಲ್ಲ," ಎಂದಳು ಸೀತಾ, ಶನಿವಾರ ಬೆಳಗ್ಗೆ ಲ್ಯಾಪ್‌ಟಾಪ್ ಹೊತ್ತು ಬಂದ ಸುಶಮೀಂದ್ರನಿಗೆ ಬಾಗಿಲು ತೆಗೆಯುತ್ತಲೇ.

ಸುಶಮೀಂದ್ರ ಕಮಲಾಕರನ ಗೆಳೆಯ, ಅಲ್ಲೇ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಡಿಸ್ಕನ್ನು ಕೈಗೆತ್ತಿಕೊಂಡು ಕೇಳಿದ: "ಎಷ್ಟು ಸಲ ಹಾಕಿ ನೋಡಿದ್ರಿ ಇದನ್ನ?"

"ದಿನಾ ಮುಂಜಾನೆ. ದೇವರ ಮುಂದ ದೀಪಾ ಹಚ್ಚಿ, ಬೇಡ್ಕೊಂಡು, ಒಮ್ಮೆ."

"ಅಯ್ಯಯ್ಯೋ! ಕಾಲು ಮುರಿದೋನನ್ನ ದಿನಾ ಎಬ್ಬಿಸಿ, ಇವತ್ತು ಓಡ್ತೀಯಾಪ್ಪಾ ಅಂತ ಕೇಳಿದ ಹಾಗಾಯ್ತು."

ಲಿನಕ್ಸ್ ಲ್ಯಾಪ್‌ಟಾಪಿಗೆ ಡಿಸ್ಕನ್ನೂ ಹೊಸದೊಂದು ಡಿಸ್ಕನ್ನೂ ಜೋಡಿಸಿದ. ಹಳೆಯದನ್ನು ತೆರೆಯಲಿಲ್ಲ. ಚಂದ್ರಕಾಳಿಯನ್ನಾದರೂ ತೋರಿಸಿ ಎಂದು ಸೀತಾ ಅಂಗಲಾಚಿದಳು. ಅವನಿಗೂ ನೋಡುವ ಆಸೆ, ಗೆಳೆಯ ಕೊನೆಗೆ ಮುಟ್ಟಿದ ಕೆಲಸ ಅದು. ಆದರೆ ಒಂದು ಕಡತ ತೆರೆದರೂ ಸಾಯುವ ಡಿಸ್ಕು ಅತ್ತಿಂದಿತ್ತ ತಡಕಾಡಿ ಇನ್ನಷ್ಟು ಸೋಲುತ್ತದೆ. ಮೊದಲು ಇದ್ದದ್ದು ಇದ್ದಂತೆ ಇಡಿಯಾಗಿ ನಕಲಾಗಬೇಕು. ಡಿಡಿರೆಸ್ಕ್ಯೂ ಎಂಬ ತಂತ್ರಾಂಶಕ್ಕೆ ಆಜ್ಞೆ ಕೊಟ್ಟ. ಕಪ್ಪು ಪರದೆಯ ಮೇಲೆ ಅಂಕಿಗಳು ಏರತೊಡಗಿದವು. ಒಂದು ಕಡೆ ತಡವರಿಸಿ, ನಿಂತು, ಮುಂದಕ್ಕೆ ಜಿಗಿದವು.

"ಅಲ್ಲಿ ಬಿಟ್ಟು ಹೊಂಟದಲ್ರೀ! ನಮ್ಮ ಚಂದ್ರಕಾಳಿ ಅಲ್ಲೇ ಇದ್ದರ?"

"ಇರಬಹುದು. ಅಲ್ಲೇ ಕೂತು ಜಗ್ಗಿದ್ರೆ ಡಿಸ್ಕು ಪೂರಾ ಪೋಚು, ಏನೂ ಸಿಗಲ್ಲ. ಸಲೀಸಾಗಿ ಬರೋದು ಮೊದಲು ಬರಲಿ. ಆಮೇಲೆ ಆ ತುದಿಯಿಂದ ಹಿಂದಕ್ಕೆ ಬರ್ತಾ, ಬಿಟ್ಟದ್ದನ್ನ ತುಂಬಿಸ್ತೀನಿ."

ಸೀತಾ ಎದ್ದು ಹೋಗಿ ಅರ್ಧ ಹೊಲಿದ ಬಟ್ಟೆಯೊಂದನ್ನು ತಂದು ಅವನ ಮುಂದೆ ಹಿಡಿದಳು. "ಇದು ಗವಂತಿ, ನಮ್ಮ ಕಸೂತಿ ಹೊಲಿಗಿ. ಹೋಗೂವಾಗ ಒಂದು ಹೊಲಿಗಿ, ಒಂದು ಸಂದು. ನೋಡಿದವ್ರಿಗೆ ಬರೇ ಚುಕ್ಕಿ. ಅದ ದಾರಿ ಹಿಡದು ತಿರುಗಿ ಬರೂವಾಗ ಸಂದು ತುಂಬ್ತಾವ, ಗೆರಿ ಆಗ್ತದ. ಇದನ್ನ ಮೊದ್ಲ ಹೇಳಬಾರ್ದೇನು? ಮುಂಜಾನಿಂದ ಜೀವಾ ತಿಂದ್ರಿ ನಂದು!"

ಆಮೇಲೆ ಅವಳು ಪರದೆಯನ್ನು ಇಣುಕಲಿಲ್ಲ. ಉಪ್ಪಿಟ್ಟು ಮಾಡಿದಳು.

ಮಧ್ಯಾಹ್ನದ ಸೆಕೆಗೆ ಡಿಸ್ಕು ಕೈ ಸುಡುವಂತಾಯಿತು. ಸುಶಮೀಂದ್ರ ಕೆಲಸ ನಿಲ್ಲಿಸಿ, ಟೇಬಲ್ ಫ್ಯಾನನ್ನು ತನ್ನಿಂದ ಅದರ ಕಡೆಗೆ ತಿರುಗಿಸಿ, ಬೆವರುತ್ತ ಕೂತ. "ನಿಮ್ಮ ಗೆಳೆಯಾಗೂ ಇಷ್ಟು ಉಪಚಾರ ಮಾಡಿದ್ದಿಲ್ಲ ನಾ," ಎಂದಳು ಸೀತಾ ನಗುತ್ತ. ಅಂದ ಮೇಲೆ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಅವನೂ ಕರೆಯಲಿಲ್ಲ.

ಭಾನುವಾರವೆಲ್ಲ ಹಿಮ್ಮುಖದ ಓಟ. ಸಂದುಗಳು ಒಂದೊಂದಾಗಿ ತುಂಬಿದವು. ಕೆಲವು ಕೊನೆಗೂ ಮಣಿಯಲಿಲ್ಲ. ಇನ್ನು ಸಾಕು ಎನಿಸಿದಾಗ ಸುಶಮೀಂದ್ರ ಹಳೆಯ ಡಿಸ್ಕನ್ನು ಕಿತ್ತು ಪಕ್ಕಕ್ಕಿಟ್ಟು, ನಕಲನ್ನು ಬರೀ ಓದುವುದಕ್ಕೆಂದು ತೆರೆದ. ಸಾಲಾಗಿ ಫೋಲ್ಡರುಗಳು ಬಂದವು. ಕಮಲಾಕರ ಒಂದೊಂದಕ್ಕೂ ಕಸೂತಿ ಹಾಕಿದವಳ ಹೆಸರಿಟ್ಟಿದ್ದ; ಹೆಸರು ತಿಳಿಯದ ಕಡೆ ಇಂಥವರ ಅಜ್ಜಿ, ಇಂಥವರ ಅತ್ತೆ. ಮೂರ್ನಾಲ್ಕು ಚಿತ್ರಗಳು ಅರ್ಧಕ್ಕೇ ಬೂದುಬಣ್ಣವಾಗಿ ನಿಂತಿದ್ದವು. ಸುಶಮೀಂದ್ರ 'ಜಾನಕಮ್ಮನವರ ಅವ್ವ' ಎಂಬುದನ್ನು ಒತ್ತಿದ.

ಕಪ್ಪು ನೆಲದ ಮೇಲೆ ಆನೆ, ಗಿಳಿ, ತುಳಸೀಕಟ್ಟೆ. ಒಂದು ಎಳೆಯೂ ತಪ್ಪಿರಲಿಲ್ಲ. ನಕ್ಷೆಯೂ ಇತ್ತು; ಅಂಚಿನದನ್ನಷ್ಟೇ ಕಮಲಾಕರ ಬರೆದಿರಲಿಲ್ಲ.

ಸೀತಾ ಕುರ್ಚಿ ಹುಡುಕದೆ ನೆಲದ ಮೇಲೇ ಕೂತಳು. ಆಮೇಲೆ ಫೋನ್ ತೆಗೆದುಕೊಂಡಳು. ಡಿಸ್ಕು ಕೆಟ್ಟ ಸುದ್ದಿಯನ್ನು ಹೋದ ವಾರವೇ ಅಳುತ್ತ ಜಾನಕಮ್ಮನವರಿಗೆ ಹೇಳಿದ್ದಳು.

"ಸಿಕ್ತ್ರೀ ಅಮ್ಮಾ! ನಿಮ್ಮ ಅವ್ವನ ಸೀರಿ ಸಿಕ್ತು!"

"ಸಿಕ್ಕದೆ ಏನಮ್ಮಾ?" ಮುದುಕಿಯ ದನಿ ಆಚೆ ಕೂತವನಿಗೂ ಕೇಳುವಷ್ಟು ಜೋರಾಗಿತ್ತು. "ಅದರೊಳಗೇ ಇದೆ ಅಂತ ಕಮಲಾಕರನೇ ಹೇಳಿದ್ನಲ್ಲಾ. ನೀವುಗಳು ಚುಮ್ಮಾ ಗಾಬರಿ ಪಟ್ಟುಕೊಂಡ್ರಿ. ಸರಿ, ಯಾವಾಗ ಹೊಲಿಯೋಕೆ ಕೂತ್ಕೋತೀಯಾ?"

ಸೀತಾ ನಕ್ಕಳು. ಕಮಲಾಕರ ಹೋದ ಮೇಲೆ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ಪರದೆಯ ಹತ್ತಿರ ಸರಿದಳು.

"ಸುಶಮೀಂದ್ರಾವ್ರ, ಆ ಅಂಚು ಒಂಚೂರು ದೊಡ್ಡದು ಮಾಡ್ರಿ. ಎಳಿ ಎಣಸ್ಬೇಕು."